ಗೆರೆಯೊಳಗೆ ಎಣ್ಣೆಗೆ ಪ್ರವೇಶವಿಲ್ಲ

ಕೊರೊನಾ ಮುಗಿದು ಆಟದ ಬಯಲುಗಳಲ್ಲಿ ಮತ್ತೆ ಜನ ಸೇರತೊಡಗಿದ ಮರುವರ್ಷದ ಮಾತು. ನಾನಾಗ ಮುಂಡರಗಿಯ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. ನಿವೃತ್ತಿ ಹತ್ತಿರ ಬಂದಿತ್ತು. ಭಾನುವಾರಗಳಲ್ಲಿ ಕಬಡ್ಡಿ ರೆಫರಿ. ಶಾಲೆಯ ಮಕ್ಕಳಿಗೆ ನಾನು ಅಕ್ಕಾರು, ಅವರ ತಂದೆತಾಯಿಗಳಿಗೂ ಅಕ್ಕಾರು, ಬೆಟಗೇರಿಯ ನಮ್ಮ ಓಣಿಯಲ್ಲಿ ಹಾಲು ಹಾಕುವವನಿಗೂ ಅಕ್ಕಾರು. ಗಂಡಸರ ಪಂದ್ಯಕ್ಕೆ ಹೆಂಗಸು ಸೀಟಿ ಊದುವುದನ್ನು ನೋಡಲೆಂದೇ ಮೊದಮೊದಲು ಕೆಲವರು ಬರುತ್ತಿದ್ದರು. ನನ್ನ ಬಾಯಿಯ ರುಚಿ ಕಂಡ ಮೇಲೆ ಅವರೂ ಆಟವನ್ನೇ ನೋಡಲು ಕಲಿತರು.

ತಿಳಿಯದವರಿಗೆ ಒಂದು ಮಾತು ಹೇಳಬೇಕು. ಕಬಡ್ಡಿಯಲ್ಲಿ ಅಂಪೈರ್ ಬೇರೆ, ರೆಫರಿ ಬೇರೆ. ಇಬ್ಬರು ಅಂಪೈರುಗಳು ಗೆರೆಯ ಪಕ್ಕ ನಿಂತು ಯಾರು ಔಟ್ ಎಂದು ಹೇಳುತ್ತಾರೆ. ಅವರಿಬ್ಬರ ನಡುವೆಯೇ ತಕರಾರು ಬಂದರೆ, ಆಟಗಾರ ಕೈ ಮಾಡಿದರೆ, ಪ್ರೇಕ್ಷಕ ಒಳಗೆ ನುಗ್ಗಿದರೆ ರೆಫರಿಯ ಮಾತೇ ಕೊನೆ. ಆದರೆ ಆ ಮಾತು ನಡೆಯುವುದು ಅಂಗಣದ ಗೆರೆಯೊಳಗೆ ಮಾತ್ರ. ಗೆರೆ ದಾಟಿದರೆ ನಾನೂ ಚಹಾಕ್ಕೆ ಕಾಯುವವರಲ್ಲಿ ಒಬ್ಬಳು.

ಆ ಡಿಸೆಂಬರಿನಲ್ಲಿ ಶಿರಹಟ್ಟಿಯಲ್ಲಿ ಒಂದು ಪಂದ್ಯಾವಳಿ ಇತ್ತು. ಪ್ರಾಯೋಜಕರು ಗದಗಿನಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದ ಒಬ್ಬ ಗೌಡರು, ಇನ್ನೂ ಹರೆಯದವರು. ಮಾಗಡಿ ರಸ್ತೆಯಲ್ಲಿ ಲೇಔಟ್ ಮಾಡಲೆಂದು ಸಮ ಮಾಡಿಸಿದ್ದ ತಮ್ಮದೇ ಜಾಗದಲ್ಲಿ ಮ್ಯಾಟ್ ಹಾಸಿಸಿದ್ದರು. ಮನುಷ್ಯ ಕೆಟ್ಟವರಲ್ಲ. ಬಂದ ತಂಡಗಳಿಗೆಲ್ಲ ರೊಟ್ಟಿ, ಮಡಕಿಕಾಳು, ಶೇಂಗಾ ಹಿಂಡಿ ಎಂದು ಹೊಟ್ಟೆ ಬಿರಿಯುವ ಹಾಗೆ ಬಡಿಸಿದರು. ಅವರಿಗಿದ್ದ ದೋಷ ಒಂದೇ, ಟಿವಿಯಲ್ಲಿ ವಿದೇಶದ ಕಾರ್ ರೇಸು ನೋಡುವುದು.

ಫೈನಲ್ ದಿನ ಮಧ್ಯಾಹ್ನ ನಾನು ಅಲ್ಲಿಗೆ ಹೋದಾಗ ಅಂಗಣದ ಪಕ್ಕ ಮೂರು ಮೆಟ್ಟಿಲಿನ ಕಟ್ಟಿಗೆಯ ಪೋಡಿಯಂ ನಿಂತಿತ್ತು. ಒಂದು, ಎರಡು, ಮೂರು ಎಂದು ಬಣ್ಣದಲ್ಲಿ ಬರೆಸಿದ್ದರು. ಒಂದೊಂದು ಮೆಟ್ಟಿಲ ಮೇಲೆ ಒಬ್ಬ ಮನುಷ್ಯ ಕಷ್ಟಪಟ್ಟು ನಿಲ್ಲಬಹುದು.

“ಗೌಡ್ರ, ಇಡೀ ಟೀಮು ಇದರ ಮ್ಯಾಲೆ ಹೆಂಗ ನಿಲ್ತದ್ರಿ?” ಎಂದೆ.

“ಕ್ಯಾಪ್ಟನ್ ನಿಲ್ತಾನ್ರಿ ಅಕ್ಕಾರ. ಉಳದವರು ಸುತ್ತ ನಿಂತು ಕುಣೀತಾರ. ಇಲ್ಲಿ ನೋಡ್ರಿ ಖರೆ ಮಾಲ್” ಎಂದು ಗೌಡರು ಮಂಜುಗಡ್ಡೆ ತುಂಬಿದ ಬರ್ಫದ ಡಬ್ಬಿಯ ಮುಚ್ಚಳ ತೆರೆದರು. ಒಳಗೆ ಬಂಗಾರದ ಕಾಗದ ಸುತ್ತಿದ ಶಾಂಪೇನ್ ಬಾಟಲಿಗಳು ಕೂಸುಗಳ ಹಾಗೆ ಮಲಗಿದ್ದವು. “ಕುಡಿಯೂದಲ್ರಿ ಮತ್ತ. ಬರೇ ಸಿಡಸೋದು, ಕಾರ್ ರೇಸಿನ್ಯಾಗ ಗೆದ್ದವರು ಸಿಡಸ್ತಾರಲ್ಲ, ಹಂಗ. ಕ್ಯಾಪ್ಟನ್ ಕಪ್ ಎತ್ತಿದ ಕೂಡಲೆ ನಾ ಸಿಡಸ್ತೀನಿ, ಮ್ಯಾಲಿಂದ ಡ್ರೋನ್ ಶೂಟ್ ಮಾಡ್ತದ.”

ನಾನು ಜನ್ಮದಲ್ಲಿ ಆ ಬಾಟಲಿ ಮುಟ್ಟಿದವಳಲ್ಲ. ಆದರೆ ಜಾಗ ಅವರದು, ಕಪ್ ಅವರದು, ಡಬ್ಬಿಯೂ ಅವರದು.

ಫೈನಲ್ ಇದ್ದದ್ದು ಲಕ್ಷ್ಮೇಶ್ವರ ಮತ್ತು ಡೋಣಿ ತಂಡಗಳ ನಡುವೆ. ಲಕ್ಷ್ಮೇಶ್ವರದ ನಾಯಕ ದಾವಲಸಾಬ. ಎಲ್ಲರ ಬಾಯಲ್ಲಿ ದಾವಲ್. ವಾರವೆಲ್ಲ ಟ್ರ್ಯಾಕ್ಟರ್ ರಿಪೇರಿ, ಭಾನುವಾರ ಕಬಡ್ಡಿ. ಎದುರಾಳಿಯ ಅಂಗಣಕ್ಕೆ ನುಗ್ಗಿ ಮುಟ್ಟಿ ಬರುವ ರೇಡಿಂಗಿನಲ್ಲಿ ಅವನಷ್ಟು ಚುರುಕಾದವನನ್ನು ನಾನು ಆ ಭಾಗದಲ್ಲಿ ಕಂಡಿಲ್ಲ. ಅಂಗಣದಲ್ಲಿ ಹುಲಿ, ಹೊರಗೆ ಮಾತೇ ಇಲ್ಲ. ಆ ದಿನ ಅವನೇ ನನ್ನ ಹತ್ತಿರ ಬಂದ.

“ಅಕ್ಕಾರ, ನಾವು ಗೆದ್ರ ಕಪ್ ತೊಗೊಳ್ಳಾಕ ನಾ ಬರಂಗಿಲ್ರಿ. ವಿರೂಪಾಕ್ಷಿ ಬರ್ತಾನ. ಮೊದಲ ಹೇಳಿಬಿಡೂಣು ಅಂತ ಬಂದೆ.”

ವಿರೂಪಾಕ್ಷಿ ಅವರ ಉಪನಾಯಕ. ಯಾಕಪ್ಪಾ ಎಂದು ಕೇಳಿದೆ. ಅವನು ಬರ್ಫದ ಡಬ್ಬಿಯ ಕಡೆ ಕಣ್ಣು ಹಾಯಿಸಿದ. ಆಮೇಲೆ ಒಂದೊಂದೇ ಮಾತು ಹೊರಬಂತು. ಹಿಂದಿನ ವರ್ಷ ಇನ್ನೊಂದು ಊರಲ್ಲಿ ಗೆದ್ದಾಗ ಹೀಗೇ ಆಗಿತ್ತು. ಬಿಯರ್ ಸಿಡಿಸತೊಡಗಿದ ಕೂಡಲೇ ಅವನು ವೇದಿಕೆ ಇಳಿದು ಹೋಗಿದ್ದ. ಅವನ ಧರ್ಮದಲ್ಲಿ ಅದು ಮೈಗೆ ಸೋಕುವುದೂ ಬೇಡದ್ದು. ಊರೆಲ್ಲ ಹರಿದಾಡಿದ ಫೋಟೋದಲ್ಲಿ ಕಪ್ ಇತ್ತು, ತಂಡ ಇತ್ತು, ನಾಯಕ ಇರಲಿಲ್ಲ. ಓಣಿಯವರು ಅವನ ತಾಯಿಯನ್ನು ಕೇಳಿದ್ದರಂತೆ, “ನಿನ್ನ ಮಗ ಆಡಿದ್ನೋ, ನೀರು ಕೊಡಾಕ ಹೋಗಿದ್ನೋ?”

“ಅದಕ್ಕ ಅಮ್ಮ ಈ ಸಲ ತಾನ ನೋಡ್ತೀನಂತ ಬಂದಾಳ್ರಿ” ಎಂದ. ನೋಡಿದೆ. ಮುಂದಿನ ಸಾಲಿನ ಕುರ್ಚಿಯಲ್ಲಿ ತಲೆಯ ಮೇಲೆ ಸೆರಗು ಹೊದ್ದ ಹೆಣ್ಣುಮಗಳು ಮಡಿಲಲ್ಲಿ ಊಟದ ಡಬ್ಬಿ ಇಟ್ಟುಕೊಂಡು ಕುಳಿತಿದ್ದರು. ಮಗ ಆಡುವುದನ್ನು ಅವರು ಅದುವರೆಗೆ ಒಮ್ಮೆಯೂ ನೋಡಿರಲಿಲ್ಲ, ಕೈಕಾಲು ಮುರಿಯುವ ಆಟವೆಂಬ ಭಯ. ಅವತ್ತು ಬಂದದ್ದು ಆಟಕ್ಕಲ್ಲ, ಮಗನ ಕೈಯಲ್ಲಿ ಕಪ್ ನೋಡುವುದಕ್ಕೆ.

ಗೌಡರ ಹತ್ತಿರ ಹೋಗಿ ಹೇಳಿದೆ. ಮೊದಲು ಕಪ್ ಕೊಡಿ, ಹುಡುಗ ಎತ್ತಿ ತೋರಿಸಿ ಕೆಳಗಿಳಿಯಲಿ, ಆಮೇಲೆ ನಿಮ್ಮ ಬಾಟಲಿ ತೆಗೆಯಿರಿ ಎಂದೆ.

“ಕಪ್ ಎತ್ತೂದು, ಬಾಟ್ಲಿ ಸಿಡಿಯೂದು ಎರಡೂ ಒಂದ ಟೈಮಿಗೆ ಆಗಬೇಕ್ರಿ. ಇಲ್ಲಂದ್ರ ವಿಡಿಯೋಕ್ಕ ಕಳಾ ಬರಂಗಿಲ್ಲ” ಎಂದರು ಗೌಡರು. “ಅಂವ ಒಬ್ಬಾಂವ ಸರದು ನಿಲ್ಲಲಿ ಬಿಡ್ರಿ. ಉಳದವರಿಗೇನೂ ತೊಂದ್ರಿ ಇಲ್ಲಲ್ಲ?”

ಆ ಕೊನೆಯ ಪ್ರಶ್ನೆಯನ್ನು ಅವರು ಕೇಳಬಾರದಿತ್ತು. ತಂಡ ಅಲ್ಲೇ ಕಾಲು ಸಡಿಲಿಸುತ್ತಾ ನಿಂತಿತ್ತು. ಮೊದಲು ಬಾಯಿ ತೆರೆದವನು ವಿರೂಪಾಕ್ಷಿ.

“ನನ್ನ ಮೈಮ್ಯಾಲೆ ಲಿಂಗ ಐತ್ರಿ ಗೌಡ್ರ. ಅದರ ಮ್ಯಾಲೆ ಅದು ಬಿದ್ರ ನಮ್ಮಜ್ಜ ನನ್ನ ಮನಿಯೊಳಗ ಕರಕೊಳ್ಳಂಗಿಲ್ಲ.”

ಅವನ ಹಿಂದಿದ್ದ ಗಡ್ಡ ಬಿಟ್ಟ ಹುಡುಗ ಮುಂದೆ ಬಂದ. ಶಬರಿಮಲೆಗೆ ಹೋಗಲು ಮಾಲೆ ಹಾಕಿದವನು. ಆಡುವಾಗಷ್ಟೇ ಗುರುಸ್ವಾಮಿಯ ಅಪ್ಪಣೆ ಪಡೆದು ಮಾಲೆಯನ್ನು ಬಟ್ಟೆಯಲ್ಲಿ ಬಿಗಿದು ಕಟ್ಟಿಕೊಂಡಿದ್ದ. “ವ್ರತದಾಗ ಅದೀನ್ರಿ. ನಾ ಬಿಸಿನೀರು ಸೈತ ಕಾಸಿಕೊಳ್ಳದ ತಣ್ಣೀರಾಗ ಜಳಕಾ ಮಾಡ್ತೀನಿ. ನೀವು ಇದರಾಗ ಜಳಕಾ ಮಾಡಸ್ತೀರೇನ್ರಿ?”

ಇನ್ನೊಬ್ಬನ ಮನೆಯವರು ಪಂಢರಪುರಕ್ಕೆ ನಡೆದು ಹೋಗುವ ಮಾಳಕರಿಗಳು, ಕೊರಳಲ್ಲಿ ತುಳಸಿಮಣಿ. ಅವನು ಎರಡೂ ಕಿವಿ ಮುಟ್ಟಿಕೊಂಡ, ಅಷ್ಟೇ.

ಗೌಡರು ಕಂಗಾಲಾಗಿ ಫಕೀರಪ್ಪನ ಕಡೆ ನೋಡಿದರು. ಫಕೀರಪ್ಪ ತಂಡದ ಹಿರಿಯ. ಗಟ್ಟಿ ಆಸಾಮಿ. ಸಂಜೆಯಾದರೆ ಅವನು ಎಲ್ಲಿರುತ್ತಾನೆ ಎಂಬುದು ಲಕ್ಷ್ಮೇಶ್ವರಕ್ಕೆಲ್ಲ ಗೊತ್ತು. “ಫಕೀರಪ್ಪಾ, ನೀನರ ಹೇಳೋ ಮಾರಾಯ. ನಿನಗೇನೂ ಇಲ್ಲಲ್ಲ?”

ಫಕೀರಪ್ಪ ಡಬ್ಬಿಯೊಳಗೆ ಇಣುಕಿ ನೋಡಿದ. ಅವನ ಮುಖದಲ್ಲಿ ನಿಜವಾದ ನೋವಿತ್ತು.

“ನಾ ಕುಡಿಯಾಂವ ಖರೆರಿ ಗೌಡ್ರ. ಆದ್ರ ಇಷ್ಟು ಚೊಲೋ ಮಾಲು ನೆಲಕ್ಕ ಚೆಲ್ಲೂದು ನೋಡ್ಕೋತ ನಿಂದರಾಕ ನನ್ನ ಕೈಲಿ ಆಗಂಗಿಲ್ರಿ. ದೇವರು ಮೆಚ್ಚಂಗಿಲ್ಲ.”

ನಾನು ಬಾಯಿಗೆ ಸೆರಗು ಅಡ್ಡ ಹಿಡಿಯೋಣವೆಂದರೆ ಮೈಮೇಲೆ ಇದ್ದದ್ದು ಟ್ರ್ಯಾಕ್ ಸೂಟ್. ಗೌಡರಿಗೆ ನಗು ಬರಲಿಲ್ಲ. ಡ್ರೋನಿನವನನ್ನು ಹುಬ್ಬಳ್ಳಿಯಿಂದ ಕರೆಸಿದ್ದರು, ಅತಿಥಿಗಳಿಗೆ ಹೇಳಿಕೊಂಡಿದ್ದರು, ಅಂಗಡಿಯ ಹೆಸರಿನಲ್ಲಿ ವಿಡಿಯೋ ಬಿಡುವುದಿತ್ತು. “ಮೊದಲ ಗೆಲ್ರಿ, ಆಮ್ಯಾಲೆ ಮಾತಾಡ್ರಿ” ಎಂದು ಮುಖ ಊದಿಸಿಕೊಂಡು ಹೋದರು. ಸಂಘಟಕರಂತೂ ಗೌಡರ ಮುಂದೆ ಕೆಮ್ಮುವುದಕ್ಕೂ ಹೆದರುತ್ತಿದ್ದರು.

ಆಟ ಶುರುವಾಯಿತು. ಒಳಗೊಳಗೇ ನಾನು ಡೋಣಿಯವರೇ ಗೆಲ್ಲಲಿ ಎಂದು ಬೇಡಿಕೊಂಡೆ. ಗೆದ್ದರೆ ಆ ಹುಡುಗರು ಬಾಟಲಿಯ ಜೊತೆ ಡಬ್ಬಿಯನ್ನೂ ಹೊತ್ತೊಯ್ಯುವಂತಿದ್ದರು, ನನ್ನ ತಲೆನೋವು ಅಲ್ಲಿಗೆ ಮುಗಿಯುತ್ತಿತ್ತು. ಹಾಗೆಂದು ಒಂದು ಪಾಯಿಂಟನ್ನೂ ಆಚೀಚೆ ಮಾಡಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಕಡೆಯವರೆಗೂ ಸಮಸಮ ಇತ್ತು. ಕೊನೆಯ ರೇಡಿಗೆ ದಾವಲ್ ಹೋದ. ಮೂವರು ಅವನ ಮೇಲೆ ಬಿದ್ದರು. ಆ ಮೂವರನ್ನೂ ಎಳೆದುಕೊಂಡೇ ಕೈ ಚಾಚಿ ಮಧ್ಯದ ಗೆರೆ ಮುಟ್ಟಿದ. ನಾನು ಉದ್ದನೆಯ ಸೀಟಿ ಊದಿದೆ. ಲಕ್ಷ್ಮೇಶ್ವರ ಗೆದ್ದಿತು.

ಆಟ ಮುಗಿದ ಮೇಲೆ ಎರಡೂ ತಂಡಗಳು ಅಂಗಣದೊಳಗೆ ಎದುರುಬದುರು ನಿಂತು ಕೈಕುಲುಕುವುದು, ರೆಫರಿ ಫಲಿತಾಂಶ ಹೇಳಿದ ಮೇಲೆಯೇ ಹೊರಗೆ ಹೋಗುವುದು ಪದ್ಧತಿ. ಕೈಕುಲುಕುತ್ತಾ ಹೋದ ದಾವಲ್ ಸಾಲಿನ ಕೊನೆಗೆ ಬಂದಾಗ ವಿರೂಪಾಕ್ಷಿಯ ಬೆನ್ನು ತಟ್ಟಿ, ತನ್ನ ಚೀಲ ಇದ್ದ ಮೂಲೆಯ ಕಡೆ ನೋಡಿದ. ಅತ್ತ ಗೌಡರು ಪೋಡಿಯಂ ಪಕ್ಕದಲ್ಲಿ ಬಾಟಲಿಯ ತಂತಿ ಬಿಚ್ಚಿ ಅಲ್ಲಾಡಿಸತೊಡಗಿದ್ದರು. ದಾವಲನ ತಾಯಿ ಕುರ್ಚಿಯಿಂದ ಎದ್ದು, ಮಗ ಯಾವ ಕಡೆ ಹೋಗುತ್ತಾನೆಂದು ಹಿಮ್ಮಡಿ ಎತ್ತಿ ನೋಡುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಗೆದ್ದವನು ಕಳ್ಳನ ಹಾಗೆ ಹಿಂದಿನಿಂದ ಹೋಗುವುದೆಂದರೆ ಏನು? ವೀಕ್ಷಕ ವಿವರಣೆಯವನ ಕೈಯಿಂದ ಮೈಕ್ ಕಸಿದುಕೊಂಡೆ.

“ಯಾರೂ ಗೆರಿ ದಾಟಬ್ಯಾಡ್ರಿ. ಕಪ್ ಇಲ್ಲೇ ತರ್ರಿ. ಪ್ರಶಸ್ತಿ ಅಂಗಣದಾಗ ಕೊಡೂದೈತಿ.”

ಮುಖ್ಯ ಅತಿಥಿಗಳು ನಿವೃತ್ತ ಬ್ಯಾಂಕ್ ಮ್ಯಾನೇಜರ್, ಪಾಪ, ವಿಧೇಯರು. ಬೂಟು ಬಿಚ್ಚಿ, ಕಪ್ ಹಿಡಿದು ಮ್ಯಾಟಿನ ಮೇಲೆ ಬಂದೇಬಿಟ್ಟರು. ಅವರ ಹಿಂದೆ ಗೌಡರು ಬಾಟಲಿ ಹಿಡಿದು ಓಡಿ ಬಂದರು. ನಾನು ಗೆರೆಯ ಮೇಲೆ ಅಡ್ಡ ನಿಂತು ಅಂಗೈ ತೋರಿಸಿದೆ.

“ಗೌಡ್ರ, ಗೆರಿ ಒಳಗ ಎಣ್ಣಿ ಬರಂಗಿಲ್ರಿ. ಆಟಗಾರರ ಮೈಗೆ ಎಣ್ಣಿ ಹತ್ತಬಾರದಂತ ಕಬಡ್ಡಿ ರೂಲ್ ಐತಿ.”

ಮೈಕ್ ಚಾಲೂ ಇತ್ತು. ಬಯಲಿನಲ್ಲಿ ಎದ್ದ ನಗು ಮಾಗಡಿ ಕೆರೆಯ ಹಕ್ಕಿಗಳಿಗೂ ಕೇಳಿಸಿರಬೇಕು. ರೂಲ್ ಇರುವುದು ನಿಜ. ಮೈಗೆ ಎಣ್ಣೆ ಸವರಿಕೊಂಡರೆ ಎದುರಾಳಿಯ ಹಿಡಿತ ಜಾರುತ್ತದೆ, ಅದಕ್ಕೇ ಆಟಕ್ಕೆ ಮೊದಲು ನಾವು ಪ್ರತಿಯೊಬ್ಬನ ತೋಳು ಸವರಿ ನೋಡುತ್ತೇವೆ. ಇನ್ನು ನಮ್ಮ ಕಡೆ ಗಂಡಸರು ಸಂಜೆ ಹೊತ್ತು ‘ಎಣ್ಣಿ’ ಎಂದರೆ ಅದು ತಲೆಗೆ ಹಚ್ಚುವುದಲ್ಲ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇಕಂತಲೇ ಅಂದಿರೋ, ಬಾಯಿ ತಪ್ಪಿ ಬಂತೋ ಎಂದು ಈಗಲೂ ಕೇಳುವವರಿದ್ದಾರೆ. ನಾನು ಉತ್ತರ ಕೊಡುವುದಿಲ್ಲ.

“ಅಕ್ಕಾರ, ರೂಲಿನ್ಯಾಗ ಇರೂದು ತಲಿಗೆ ಹಚ್ಚೋ ಎಣ್ಣಿರಿ!” ಎಂದು ಗೌಡರು ಕೂಗಿದರು.

“ಯಾವ ಎಣ್ಣಿ ಅಂತ ರೂಲಿನ್ಯಾಗ ಬರದಿಲ್ರಿ.”

ಅವರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ, ಅಲ್ಲಾಡಿಸಿ ಅಲ್ಲಾಡಿಸಿ ಸಿಟ್ಟಿಗೆದ್ದಿದ್ದ ಬಾಟಲಿಯ ಬಿರಡೆ ಢಮ್ಮೆಂದು ಹಾರಿತು. ಒಳಗಿದ್ದದ್ದೆಲ್ಲ ಗೌಡರ ಬಿಳಿ ಜುಬ್ಬಾದ ಮೇಲೆಯೇ ಸುರಿಯಿತು. ಒಂದು ಹನಿಯೂ ಗೆರೆ ದಾಟಲಿಲ್ಲ, ಅದನ್ನು ನಾನು ರೆಫರಿಯಾಗಿ ಖಾತ್ರಿ ಮಾಡಿಕೊಂಡೆ. ಫಕೀರಪ್ಪ ಕಣ್ಣು ಮುಚ್ಚಿಕೊಂಡಿದ್ದ.

ದಾವಲ್ ಎಲ್ಲರ ನಡುವೆ ನಿಂತು ಕಪ್ ಎತ್ತಿದ. ಗೆರೆಯ ಆಚೆ ಅವನ ತಾಯಿ ಬಂದು ನಿಂತಿದ್ದರು. “ಅಕ್ಕಾರ, ನಾ ಒಳಗ ಬರ್ಲೇನ್ರಿ?” ಎಂದರು. ಚಪ್ಪಲಿ ಬಿಟ್ಟು ಬರ್ರಿ ಎಂದೆ. ಮಗ ಕಪ್ ಅವರ ಕೈಗಿತ್ತ. ಅವರು ಅದರ ಒಳಗೆ ಬಗ್ಗಿ ನೋಡಿ, “ಖಾಲಿ ಐತಲ್ಲೋ!” ಎಂದರು. ಖಾಲಿ ಪಾತ್ರೆ ಕಂಡರೆ ತಾಳಲಾರದ ಫಕೀರಪ್ಪನೇ ಓಡಿ ಹೋಗಿ ಆಟಗಾರರ ಕೊಡ ತಂದು ಅದಕ್ಕೆ ನೀರು ಸುರಿದ.

ನಮ್ಮ ಕಡೆ ಎಂಜಲಾಗದಂತೆ ಎತ್ತಿ ಕುಡಿಯುವುದು ರೂಢಿ. ತಂಬಿಗೆಯಲ್ಲಾದರೆ ಸರಿ. ಅಗಲ ಬಾಯಿಯ, ಎರಡು ಹಿಡಿಕೆಯ ಕಪ್ಪನ್ನು ಎತ್ತಿ ಕುಡಿಯಲು ಹೋದರೆ ಗಂಟಲಿಗೆ ಒಂದು ಗುಟುಕು, ಮೈಮೇಲೆ ಒಂದು ಕೊಡ. ತಾಯಿ ಕುಡಿದರು, ಮಗ ಕುಡಿದ, ವಿರೂಪಾಕ್ಷಿ, ಮಾಲೆಯವನು, ತುಳಸಿಮಣಿಯವನು, ಸೋತ ಡೋಣಿಯವರೂ ಕುಡಿದರು. ಎಲ್ಲರೂ ತೊಯ್ದು ತೊಪ್ಪೆಯಾಗಿ ಒಬ್ಬರ ಮೇಲೊಬ್ಬರು ನೀರು ಚೆಲ್ಲತೊಡಗಿದರು. ಮ್ಯಾಟ್ ಜಾರುತ್ತದೆ ಎಂದು ನಾನು ಸೀಟಿ ಊದಿದ್ದು ಯಾರಿಗೂ ಕೇಳಲಿಲ್ಲ. ಕೊನೆಗೆ ಗೌಡರೂ ಒದ್ದೆ ಜುಬ್ಬಾ ಕಳಚಿ ಗೆರೆಯ ಹೊರಗಿಟ್ಟು, ಬನಿಯನ್ನಿನಲ್ಲೇ ಒಳಗೆ ಬಂದು ಕೈಯೊಡ್ಡಿದರು. ಮೇಲೆ ಡ್ರೋನ್ ಗುಂಯ್ಗುಡುತ್ತಿತ್ತು.

ಆ ವಿಡಿಯೋ ಚೆನ್ನಾಗಿ ಓಡಿತು. ನೀರು ಬಿದ್ದರೂ ಜಾರದ ಟೈಲ್ಸಿನ ಜಾಹೀರಾತೆಂದು ಗೌಡರು ಅದನ್ನು ಗದಗಿನ ಅಂಗಡಿಯಲ್ಲಿ ಹಾಕಿಸಿದ್ದಾರೆ. ಶಾಂಪೇನಿನಿಂದ ಆಗದಿದ್ದ ವ್ಯಾಪಾರ ಕೊಡದ ನೀರಿನಿಂದ ಆಯಿತೆಂದು ನನ್ನೆದುರು ಒಪ್ಪಿಕೊಂಡರು. ಈಗ ಅವರ ಪಂದ್ಯಾವಳಿಗಳಲ್ಲಿ ಪೋಡಿಯಂ ಇಲ್ಲ, ಅಂಗಣದಲ್ಲೇ ಬಹುಮಾನ.

ಆ ಸಂಜೆ ಬಸ್ ನಿಲ್ದಾಣದಲ್ಲಿ ದಾವಲನ ತಾಯಿ ನನ್ನ ಪಕ್ಕ ಕುಳಿತರು. ಕಪ್ ಅವರ ಮಡಿಲಲ್ಲಿತ್ತು. ಊಟದ ಡಬ್ಬಿ ಮಗನ ಕೈಗೆ ಹೋಗಿತ್ತು. ಬಸ್ಸು ಬರುವ ಹೊತ್ತಿಗೆ ಮೆಲ್ಲಗೆ ಹೇಳಿದರು: “ಆಟ ನನಗೇನೂ ತಿಳೀಲಿಲ್ರಿ ಅಕ್ಕಾರ. ಯಾಕ ಬೀಳ್ತಾರ, ಯಾಕ ಏಳ್ತಾರ, ಒಂದೂ ತಿಳೀಲಿಲ್ಲ. ಆದ್ರ ಈ ಸಲ ನನ್ನ ಮಗ ಎಲ್ಲಾರ ಜೋಡಿ ಕಡೀತನಕ ನಿಂತನ್ರಿ.”

ಸರ್ವಿಸಿನುದ್ದಕ್ಕೂ ನಾನು ಮಾಡಿಕೊಂಡು ಬಂದ ಕೆಲಸ ಯಾರು ಔಟ್ ಎಂಬ ತಕರಾರು ತೀರಿಸುವುದು, ಕೈ ಎತ್ತುವುದು, ಹೊರಗೆ ಕಳಿಸುವುದು. ಔಟ್ ಆಗದವನು ಸುಮ್ಮಸುಮ್ಮನೆ ಹೊರಗೆ ಹೋಗದಂತೆ ಕಾಯುವುದೂ ಅದೇ ಕೆಲಸ ಎಂಬುದನ್ನು ಆ ಹೆಣ್ಣುಮಗಳು ಶಿರಹಟ್ಟಿ ಬಸ್ ನಿಲ್ದಾಣದಲ್ಲಿ ನನಗೆ ಕಲಿಸಿದರು.