ಮೆತ್ತನೆಯ ಜಾಕೆಟ್ಟು

ಬಸ್ಸಿನ ಸೀಟೊಂದನ್ನು ನೋಡಿದರೆ ಸಾಕು, ಅದರಲ್ಲಿ ಎಂಥವರು ಕೂತು ಎದ್ದು ಹೋಗಿದ್ದಾರೆ ಎಂದು ಸೀಟು ಮೇಸ್ತ್ರಿ ಹೇಳುತ್ತಿದ್ದ. ಅಂಚು ಸವೆದಿದ್ದರೆ ಇಳಿಯುವ ಆತುರದವರು. ನಡು ಕುಸಿದಿದ್ದರೆ ದೂರದ ಪ್ರಯಾಣಿಕರು. ಮುಂದಿನ ಸೀಟಿನ ಬೆನ್ನಿಗೆ ಪೆನ್ನಿನ ತೂತುಗಳಿದ್ದರೆ ಪರೀಕ್ಷೆಗೆ ಹೊರಟ ಹುಡುಗರು. ಬಸ್ ಗ್ಯಾರೇಜಿನ ಹಿಂಬದಿ ಗೋಡೆಗೆ ಅಂಟಿಕೊಂಡ ಉದ್ದನೆಯ ಕೋಣೆಯಲ್ಲಿ ಅವನು ಇಪ್ಪತ್ತಾರು ವರ್ಷದಿಂದ ಸೀಟು ಹೊಲಿಯುತ್ತಿದ್ದ. ಒಂದು ಕಡೆ ರೆಗ್ಜಿನ್ನಿನ ಸುರುಳಿಗಳು, ಇನ್ನೊಂದು ಕಡೆ ಸೂರಿನವರೆಗೆ ಪೇರಿಸಿದ ಸ್ಪಂಜು, ನಡುವೆ ಕಪ್ಪು ಮಷಿನ್ನು. ಹೆಂಡತಿ ಗ್ರಂಥಾಲಯದಲ್ಲಿ ಗುಮಾಸ್ತೆ. ಒಬ್ಬಳೇ ಮಗಳು, ಏಳು ವರ್ಷದವಳು. ಒಂದು ಕಡೆ ಕೂರದೆ ಕುಪ್ಪಳಿಸುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಗುಬ್ಬಿ.

ತನ್ನ ಕೈಯಲ್ಲಿ ಹೊಲಿಯಬಹುದಾದದ್ದನ್ನು ಅಂಗಡಿಯಿಂದ ತರುವುದೆಂದರೆ ಮೇಸ್ತ್ರಿಗೆ ತಲೆ ತಗ್ಗಿಸುವ ಸಂಗತಿ. ಮಗಳ ಶಾಲೆಯ ಚೀಲ, ಹೆಂಡತಿಯ ಕೊಡೆಯ ಕವರು, ಮಂಚದ ಹಾಸಿಗೆ, ಎಲ್ಲ ಅವನದೇ ಹೊಲಿಗೆ. ಬೇಸಿಗೆಯ ತಿರುಗಾಟ ಶುರುವಾದ ಮೇಲಂತೂ ಅವನ ಉತ್ಸಾಹಕ್ಕೆ ಲಂಗುಲಗಾಮಿರಲಿಲ್ಲ.

ಆ ತಿರುಗಾಟದ ಹುಚ್ಚು ಹತ್ತಿಸಿದವನು ಹೆಂಡತಿಯ ತಮ್ಮ. ಅಂಚೆಯವನು, ಮದುವೆಯಾಗದವನು, ದಿನಕ್ಕೆ ಹತ್ತು ಮೈಲಿ ನಡೆದರೂ ಕಾಲು ಸುಮ್ಮನಿರದವನು. ಪ್ರತಿ ಬೇಸಿಗೆಯಲ್ಲಿ ಶಾಲೆಗೆ ರಜೆ ಬಿದ್ದ ಕೂಡಲೇ ಕೊರಳಿಗೆ ವಿಸಿಲ್ಲು ನೇತುಹಾಕಿಕೊಂಡು ಅಕ್ಕನ ಮನೆಗೆ ಬಂದಿಳಿಯುತ್ತಿದ್ದ. ಅಕ್ಕ, ಭಾವ, ಗುಬ್ಬಿ, ತಾನು, ನಾಲ್ವರೇ ಪಡೆ. ಮೊದಲ ದಿನ ಗುಡ್ಡ ಹತ್ತುವುದು, ಮೇಲಿನ ಹುಲ್ಲುಗಾವಲಿನಲ್ಲಿ ಡೇರೆ ಹಾಕುವುದು, ಮರುದಿನ ಆ ಕಡೆ ಇಳಿದು ಕೆರೆಯಲ್ಲಿ ದೋಣಿ. ವಿಸಿಲ್ಲು ಒಂದು ಸಲ ಊದಿದರೆ ನಿಲ್ಲಬೇಕು, ಎರಡು ಸಲಕ್ಕೆ ನೀರು ಕುಡಿಯಬೇಕು, ಮೂರು ಸಲಕ್ಕೆ ಎಲ್ಲಿದ್ದರೂ ಓಡಿ ಬಂದು ಒಂದೆಡೆ ಸೇರಬೇಕು. ಮೇಸ್ತ್ರಿ ಅವನಿಗೆ ಕಮಾಂಡರ್ ಎಂದು ಹೆಸರಿಟ್ಟ. ಆ ಹೆಸರು ಅಂಚೆ ಕಚೇರಿಯವರೆಗೂ ಹೋಯಿತು.

ಮೊದಲ ವರ್ಷ ಮೇಸ್ತ್ರಿ ಲಾರಿಯ ಹಳೆಯ ಟಾರ್ಪಾಲಿನಲ್ಲಿ ಡೇರೆ ಹೊಲಿದ. ಹೊರುವಷ್ಟರಲ್ಲಿ ಕಮಾಂಡರನ ಬೆನ್ನು ಬಾಗಿತು.

"ಭಾವ, ಇದು ಡೇರೇನೋ ಲಾರೀನೋ? ಒಳಗೆ ಮಲಗಿದ್ರೆ ಯಾರಾದ್ರೂ ಬಂದು ಸ್ಟಾರ್ಟ್ ಮಾಡ್ಕೊಂಡು ಹೋಗ್ತಾರೆ ಅಷ್ಟೆ."

"ಒಂದು ಹನಿ ಒಳಗೆ ಬಂದ್ರೆ ನನ್ನ ಮೀಸೆ ಬೋಳಿಸ್ತೀನಿ, ನಡಿ."

"ಮೀಸೆ ಇದ್ದರಲ್ವ ಬೋಳಿಸೋಕೆ," ಎಂದು ಹಿಂದಿನಿಂದ ಹೆಂಡತಿ ಸೇರಿಸಿದಳು. ಮೀಸೆ ಇಲ್ಲದ ಮೇಸ್ತ್ರಿಯೂ ನಕ್ಕ.

ಮೂರನೆಯ ಬೇಸಿಗೆಗೆ ಅವನು ದೋಣಿಗೆಂದು ತೇಲುವ ಜಾಕೆಟ್ಟುಗಳನ್ನು ಹೊಲಿದ. ಇಂಜಿನ್ನಿನ ಬಿಡಿಭಾಗಗಳ ಪೆಟ್ಟಿಗೆಯಲ್ಲಿ ಬರುತ್ತಿದ್ದ ಬಿಳಿಯ ಗಟ್ಟಿ ಫೋಮು ಗ್ಯಾರೇಜಿನಲ್ಲಿ ಗುಡ್ಡೆ ಬಿದ್ದಿತ್ತು. ಹಗುರ, ನೀರು ಹೀರುವುದಿಲ್ಲ. ಅದನ್ನು ಕತ್ತರಿಸಿ, ಕ್ಯಾನ್ವಾಸಿನ ಒಳಗೆ ತುಂಬಿ, ಎದೆಗೆ ಕಟ್ಟಲು ಹಗ್ಗ ಇಟ್ಟು ನಾಲ್ಕು ಮಾಡಿದ. ದೊಡ್ಡವರ ಮೂರೂ ಸರಿಯಾಗಿ ಕೂತವು. ಗುಬ್ಬಿ ತನ್ನದನ್ನು ಹಾಕಿಕೊಂಡು ಮುಖ ಸೊಟ್ಟ ಮಾಡಿದಳು.

"ಅಪ್ಪಾ, ಕತ್ತಿಗೆ ಚುಚ್ಚುತ್ತೆ. ನಾನೇನು ಪಾರ್ಸಲ್ಲಾ?"

ಗಲ್ಲದ ಕೆಳಗೆ ಕೆಂಪು ಗೆರೆ ಎದ್ದಿತ್ತು. ಅದನ್ನು ನೋಡಿ ಮೇಸ್ತ್ರಿಯ ಜೀವ ಚುರ್ ಎಂದಿತು. ಊರಿನ ಡ್ರೈವರುಗಳನ್ನೆಲ್ಲ ಮೆತ್ತಗೆ ಕೂರಿಸುವವನು ಮಗಳ ಕತ್ತಿಗೆ ಗಾಯ ಮಾಡುವುದೇ? ಅಂದೇ ಹೊಲಿಗೆ ಬಿಚ್ಚಿದ. ಬಿಳಿ ಫೋಮು ತೆಗೆದೆಸೆದು ಡ್ರೈವರ್ ಸೀಟಿಗೆ ಹಾಕುವ ಒಳ್ಳೆಯ ಹಳದಿ ಸ್ಪಂಜು ತುಂಬಿದ. ಕತ್ತಿನ ಜಾಗದಲ್ಲಿ ಅರ್ಧಚಂದ್ರದಂತೆ ಕತ್ತರಿಸಿದ. ಗ್ಯಾರೇಜಿನ ತೊಟ್ಟಿಯಲ್ಲಿ ಹಾಕಿ ನೋಡಿದ. ಬಾತುಕೋಳಿಯ ಹಾಗೆ ತೇಲಿತು. ಅಷ್ಟರಲ್ಲಿ ಮ್ಯಾನೇಜರ್ ಕೂಗಿದ್ದರಿಂದ ಎತ್ತಿ ಒಣಹಾಕಿ ಹೋದ. ತೊಟ್ಟಿಯಲ್ಲಿ ಅದು ಇದ್ದದ್ದು ಐದು ನಿಮಿಷ.

ಸ್ಪಂಜು ನೀರು ಕುಡಿಯುತ್ತದೆ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಳೆಗೆ ಸಿಕ್ಕ ಕಿಟಕಿ ಪಕ್ಕದ ಸೀಟು ಒಣಗಲು ಮೂರು ದಿನ ಬೇಕೆಂದು ಮ್ಯಾನೇಜರಿಗೆ ವರ್ಷವಿಡೀ ಹೇಳುತ್ತಿದ್ದವನೇ ಅವನು. ಆದರೂ ಅಂದು ಆ ತಿಳುವಳಿಕೆ ಕೈಗೆ ಬರಲಿಲ್ಲ. ಕೈ ತುಂಬ ಮಗಳ ಕತ್ತೇ ಇತ್ತು.

ಕೆರೆಯ ದಡದಲ್ಲಿ ಕಮಾಂಡರ್ ಗುಬ್ಬಿಯ ಜಾಕೆಟ್ಟಿನ ಹಗ್ಗ ಕಟ್ಟಿದ. ಅವಳು ದೋಣಿ ಹತ್ತುವ ಮೊದಲು ಒಂದು ಗಂಟೆ ಮೊಳಕಾಲುದ್ದ ನೀರಿನಲ್ಲಿ ಬಿದ್ದು ಹೊರಳಿ ಆಡಿದಳು. ಆಮೇಲೆ ದೋಣಿ ಹೊರಟಿತು. ನಡುನೀರಿಗೆ ಸ್ವಲ್ಪ ಈಚೆ ದೊಡ್ಡದೊಂದು ಮೀನು ನೆಗೆಯಿತು. "ಅಲ್ಲಿ, ಅಲ್ಲಿ!" ಎಂದು ನಾಲ್ವರೂ ಒಂದೇ ಪಕ್ಕಕ್ಕೆ ವಾಲಿದರು. ದೋಣಿ ಮಗುಚಿತು.

ದೊಡ್ಡವರು ಮೂವರೂ ಬೆಂಡಿನಂತೆ ಮೇಲೆ ಬಂದರು. ಗುಬ್ಬಿ ಬರಲಿಲ್ಲ.

ಕಮಾಂಡರ್ ತನ್ನ ಜಾಕೆಟ್ಟು ಕಿತ್ತೆಸೆದು ಮುಳುಗಿದ. ಎರಡನೆಯ ಸಲ ಎದ್ದಾಗ ಅವನ ಕೈಯಲ್ಲಿ ಗುಬ್ಬಿಯ ಜಡೆ ಇತ್ತು. ದಡಕ್ಕೆ ತಂದು ಕವುಚಿ ಮಲಗಿಸಿದರು. ಮೇಸ್ತ್ರಿ ಜಾಕೆಟ್ಟು ಬಿಚ್ಚಲು ಹೋದ. ಹಗ್ಗ ಬಿಗಿಯಾಗಿತ್ತು, ಎರಡು ಗಂಟು. ಬೆರಳಿಗೆ ಬಗ್ಗದೆ ಹಲ್ಲಿನಿಂದ ಕಚ್ಚಿ ಬಿಚ್ಚಬೇಕಾಯಿತು. ಉಳಿದಿಬ್ಬರ ಕಣ್ಣು ಗುಬ್ಬಿಯ ಮುಖದ ಮೇಲಿದ್ದುದರಿಂದ ಅದು ಅವರಿಗೆ ಕಾಣಲಿಲ್ಲ. ಕೈಗೆ ಬಂದ ಜಾಕೆಟ್ಟು ಒದ್ದೆ ಕಂಬಳಿಯ ಹಾಗೆ ಭಾರವಾಗಿತ್ತು. ಅದನ್ನು ಎತ್ತಿದ ಕ್ಷಣವೇ ಅವನಿಗೆ ಎಲ್ಲ ಅರ್ಥವಾಯಿತು.

ಗುಬ್ಬಿ ಕೆಮ್ಮಿದಳು, ನೀರು ಕಕ್ಕಿದಳು, ಅತ್ತಳು. ಅವಳ ಅಳು ಕೇಳಿದ ಮೇಲೆಯೇ ತಾಯಿಗೆ ಮಾತು ಬಂದದ್ದು.

"ಯಾರೋ ಇದನ್ನ ಕಟ್ಟಿದ್ದು?"

"ನಾನೇ ಅಕ್ಕ." ಕಮಾಂಡರ್ ಇನ್ನೂ ಏದುಸಿರು ಬಿಡುತ್ತಿದ್ದ. "ಗಂಟು ಸಡಿಲ ಆಗಿತ್ತೇನೋ..."

"ಏನೋ ಅಂದ್ರೆ? ನನ್ನ ಮಗು ಜೀವ ನಿನಗೆ ಏನೋ ಆಗೋಯ್ತಾ? ವಿಸಿಲ್ ಊದೋಕೆ ಬರುತ್ತೆ, ಒಂದು ಗಂಟು ಹಾಕೋಕೆ ಬರಲ್ವಾ?"

ಮೇಸ್ತ್ರಿ ಬಾಯಿ ತೆರೆಯಲಿಲ್ಲ. ಆಗ ಬಾಯಲ್ಲಿ ಹಗ್ಗವಿತ್ತು ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡ. ಹಗ್ಗ ಬಾಯಲ್ಲಿದ್ದದ್ದು ಒಂದು ನಿಮಿಷ, ಅದೂ ಅವಳು ಕೇಳುವ ಮೊದಲು. ಸುಮ್ಮನಿದ್ದದ್ದು ಹನ್ನೊಂದು ತಿಂಗಳು.

ಊರಿಗೆ ಬಂದ ಮರುದಿನವೇ ಅವನು ಜಾಕೆಟ್ಟು ಬಿಚ್ಚಿ ಸ್ಪಂಜು ಹಿಂಡಿ ಒಣಗಿಸಿದ. ಎಸೆದರೆ ಯಾರಾದರೂ ನೋಡಿಯಾರು ಎಂಬ ಅರ್ಥವಿಲ್ಲದ ಹೆದರಿಕೆ. ರಿಪೇರಿಗೆ ಬಂದಿದ್ದ ಬಸ್ಸೊಂದರ ಎಡಗಡೆಯ ಮೂರನೆಯ ಸೀಟಿನೊಳಗೆ ತುರುಕಿ ಹೊಲಿದುಬಿಟ್ಟ. ಆ ಬಸ್ಸು ದಿನಕ್ಕೆ ನಾಲ್ಕು ಸಲ ಅವನ ಕೋಣೆಯ ಮುಂದೆಯೇ ಹಾದುಹೋಗುತ್ತಿತ್ತು. ಬೇಡವೆಂದರೂ ಕಣ್ಣು ಆ ಕಿಟಕಿಗೆ ಹೋಗುತ್ತಿತ್ತು. ಒಮ್ಮೆ ಅಲ್ಲಿ ಮುದುಕಿಯೊಬ್ಬಳು ತೂಕಡಿಸುತ್ತಿದ್ದಳು. ಇನ್ನೊಮ್ಮೆ ಸಮವಸ್ತ್ರದ ಹುಡುಗಿಯೊಬ್ಬಳು ಗಾಜಿಗೆ ಮೂಗು ಒತ್ತಿಕೊಂಡು ಕೂತಿದ್ದಳು. ಆ ದಿನ ಅವನ ಮಷಿನ್ನಿನ ಸೂಜಿ ಎರಡು ಸಲ ಮುರಿಯಿತು.

ಕಮಾಂಡರ್ ಮನೆಗೆ ಬರುವುದು ಕಡಿಮೆಯಾಯಿತು. ಬಂದರೂ ಅಕ್ಕ ತಮ್ಮನ ಮಾತು ಚಹಾ ಬೇಕೇ ಬೇಡವೇ ಎಂಬಲ್ಲಿಗೆ ಮುಗಿಯುತ್ತಿತ್ತು. ಗುಬ್ಬಿ ಮಾಮನ ಕೊರಳಿಗೆ ಜೋತುಬಿದ್ದರೆ ತಾಯಿ ಏನೋ ನೆಪ ಹೇಳಿ ಒಳಗೆ ಕರೆಯುತ್ತಿದ್ದಳು. ಮೇಸ್ತ್ರಿಗೆ ನಾಲಗೆಯ ತುದಿಯವರೆಗೆ ಮಾತು ಬರುತ್ತಿತ್ತು. ಆದರೆ ಹೇಳಿದ ಮೇಲೆ ಹೆಂಡತಿ ತನ್ನನ್ನು ನೋಡುವ ನೋಟವನ್ನು ನೆನೆದರೆ ಅದು ಅಲ್ಲೇ ಒಣಗುತ್ತಿತ್ತು. ಬಾಮೈದ ಹೇಗೂ ತಡೆದುಕೊಂಡಿದ್ದಾನಲ್ಲ ಎಂದು ಒಳಮನಸ್ಸು ಲೆಕ್ಕ ಹಾಕುತ್ತಿತ್ತು. ಹೀಗೆ ಲೆಕ್ಕ ಹಾಕುವ ತನ್ನ ಮನಸ್ಸಿನ ಬಗ್ಗೆಯೇ ಅವನಿಗೆ ಹೇಸಿಗೆ.

ಬೇಸಿಗೆ ಮತ್ತೆ ಬಂತು. ಒಂದು ಮಧ್ಯಾಹ್ನ ಕಮಾಂಡರ್ ಹರಿದ ಅಂಚೆ ಚೀಲ ಹಿಡಿದು ಕೋಣೆಗೆ ಬಂದ. ಕಾಲಿಲ್ಲದ ಬಸ್ ಸೀಟೊಂದರ ಮೇಲೆ ಕೂತ. ಕೂತವನೇ ಬೂಟಿನ ಲೇಸು ಬಿಚ್ಚಿ ಕಟ್ಟಿದ. ಮತ್ತೆ ಬಿಚ್ಚಿದ. ಮತ್ತೆ ಕಟ್ಟಿದ.

"ಏನೋ ಅದು, ಲೇಸಿನ ಜೊತೆ ಜಗಳ?"

"ಅಭ್ಯಾಸ ಆಗೋಗಿದೆ ಭಾವ." ಕಮಾಂಡರ್ ನಗಲು ನೋಡಿದ. "ಕಾಗದದ ಕಟ್ಟೂ ಹೀಗೇ. ಮೂರು ಸಲ ಬಿಚ್ಚಿ ಕಟ್ಟಿದ್ರೇನೇ ಹೊರಡೋಕಾಗೋದು. ತಡ ಮಾಡ್ತೀಯ ಅಂತ ಪೋಸ್ಟ್ ಮಾಸ್ಟರ್ ಬೈತಾರೆ. ಏನ್ ಮಾಡ್ಲಿ? ಕೈ ಮೇಲೆ ನಂಬಿಕೆನೇ ಹೋಗಿದೆ."

ಮೇಸ್ತ್ರಿಯ ಕಾಲು ಮಷಿನ್ನಿನ ಪೆಡಲಿನ ಮೇಲೆ ನಿಂತುಹೋಯಿತು.

"ವರ್ಗಾವಣೆಗೆ ಬರ್ಕೊಟ್ಟಿದೀನಿ," ಎಂದ ಕಮಾಂಡರ್. "ದೂರದ ಊರು. ಸೋಮವಾರ ಕಾಗದ ಮೇಲಿನ ಆಫೀಸಿಗೆ ಹೋಗುತ್ತೆ. ಅಕ್ಕನೂ ನೆಮ್ಮದಿಯಾಗಿರ್ತಾಳೆ. ಅವಳದೇನೂ ತಪ್ಪಿಲ್ಲ ಭಾವ, ಅವಳ ಜಾಗದಲ್ಲಿ ನಾನಿದ್ರೆ ಮುಖಾನೂ ನೋಡ್ತಿರಲಿಲ್ಲ. ಇದನ್ನ ಗುಬ್ಬಿಗೆ ಕೊಟ್ಬಿಡಿ." ಕೊರಳಿಂದ ವಿಸಿಲ್ಲು ತೆಗೆದು ಸ್ಪಂಜಿನ ಮೇಲಿಟ್ಟ.

"ನೀನೇ ಕೊಡು. ಭಾನುವಾರ ಬೆಳಗ್ಗೆ ಮನೆಗೆ ಬಾ," ಎಂದ ಮೇಸ್ತ್ರಿ. ಮಾತು ಗದರಿದ ಹಾಗೆ ಕೇಳಿಸಿತು. ವಿಸಿಲ್ಲನ್ನು ಅವನ ಕೈಗೇ ತುರುಕಿದ.

ಶನಿವಾರ ಆ ಬಸ್ಸು ಗ್ಯಾರೇಜಿಗೆ ಬಂದಾಗ ಅವನು ಬ್ಲೇಡು ಹಿಡಿದು ಹತ್ತಿದ. ಎಡಗಡೆಯ ಮೂರನೆಯ ಸೀಟು. ತನ್ನ ಹೊಲಿಗೆಯನ್ನು ತಾನೇ ಕೊಯ್ದ. ಸ್ಪಂಜು ಹಾಗೆಯೇ ಇತ್ತು, ಕತ್ತಿನ ಅರ್ಧಚಂದ್ರವೂ ಇತ್ತು. ಆ ಸೀಟಿಗೆ ಹೊಸ ಸ್ಪಂಜು ಹಾಕಿ ಹೊಲಿದು, ಹಳೆಯದನ್ನು ಚೀಲದಲ್ಲಿ ಮನೆಗೆ ತಂದ.

ಭಾನುವಾರ ಗುಬ್ಬಿಯನ್ನು ಪಕ್ಕದ ಮನೆಗೆ ಆಡಲು ಕಳಿಸಿ, ಹಿತ್ತಿಲಲ್ಲಿ ಬಟ್ಟೆ ನೆನೆಸುವ ದೊಡ್ಡ ಟಬ್ಬಿಗೆ ನೀರು ತುಂಬಿದ. ಎರಡು ಕುರ್ಚಿ ತಂದಿಟ್ಟ. ಅಕ್ಕ ತಮ್ಮ ಇಬ್ಬರೂ ಮುಖ ಮುಖ ನೋಡಿಕೊಳ್ಳದೆ ಕೂತರು.

"ಏನ್ರೀ ಇದು, ಜಾದೂ ತೋರಿಸ್ತೀರಾ?"

"ಸ್ವಲ್ಪ ಹೊತ್ತು ಕೂತ್ಕೋ. ಎದ್ದು ಹೋಗ್ಬೇಡ."

ಒಂದು ಕೈಯಿಂದ ಬಿಳಿ ಫೋಮಿನ ತುಂಡನ್ನೂ ಇನ್ನೊಂದು ಕೈಯಿಂದ ಹಳದಿ ಸ್ಪಂಜನ್ನೂ ನೀರಿಗೆ ಬಿಟ್ಟ. ಎರಡೂ ತೇಲಿದವು. ಮಗು ನೀರಲ್ಲಿ ಹೊರಳುವ ಹಾಗೆ ಎರಡನ್ನೂ ಆಗಾಗ ಅದುಮಿ ಬಿಟ್ಟ. ಐದು ನಿಮಿಷ ಕಳೆಯಿತು. ಹೆಂಡತಿ ಒಲೆಯ ಮೇಲೆ ಹಾಲಿದೆ ಎಂದಳು. ಉಕ್ಕಲಿ ಎಂದ. ಇಪ್ಪತ್ತು ನಿಮಿಷಕ್ಕೆ ಸ್ಪಂಜಿನ ಬೆನ್ನು ನೀರಿನ ಮಟ್ಟಕ್ಕೆ ಬಂತು. ಆಮೇಲೆ ಒಂದು ಮೂಲೆ ಕೆಳಗಾಯಿತು. ಆಮೇಲೆ ಅದು ಯಾವ ಸದ್ದೂ ಇಲ್ಲದೆ ಟಬ್ಬಿನ ತಳಕ್ಕೆ ಹೋಗಿ ಮಲಗಿತು. ಬಿಳಿ ಫೋಮು ಮೇಲೆಯೇ ತೇಲುತ್ತಿತ್ತು. ಕತ್ತಿನ ಅರ್ಧಚಂದ್ರ ನೀರಿನೊಳಗಿಂದ ಸ್ಪಷ್ಟವಾಗಿ ಕಾಣುತ್ತಿತ್ತು.

"ಇದು ಗುಬ್ಬಿ ಜಾಕೆಟ್ಟಿನದು," ಎಂದ ಮೇಸ್ತ್ರಿ. "ಚುಚ್ಚುತ್ತೆ ಅಂದ್ಲು ಅಂತ ನಾನೇ ಹಾಕಿದ್ದು. ಗಂಟು ಸಡಿಲ ಇರಲಿಲ್ಲ. ದಡದಲ್ಲಿ ಬಿಚ್ಚಿದ್ದು ನಾನು. ಎರಡು ಗಂಟು, ಹಲ್ಲಲ್ಲಿ ಕಚ್ಚಿ ಬಿಚ್ಚಿದೆ. ಅವತ್ತೇ ಗೊತ್ತಿತ್ತು ನಂಗೆ."

ಒಳಗಿನಿಂದ ಉಕ್ಕಿದ ಹಾಲು ಸೀದ ವಾಸನೆ ಬಂತು.

"ಬಿಗಿ ಇತ್ತಾ ಭಾವ?" ಕಮಾಂಡರನ ದನಿ ಬಹಳ ಸಣ್ಣದಾಗಿತ್ತು.

"ಬಿಗಿ ಇತ್ತು ಕಣೋ."

"ಇನ್ನೊಂದ್ಸಲ ಹೇಳಿ."

"ಬಿಗಿ ಇತ್ತು. ಎರಡು ಗಂಟು."

ಕಮಾಂಡರ್ ಎದ್ದ. "ಹನ್ನೊಂದು ತಿಂಗಳು ಭಾವ," ಎಂದಷ್ಟೇ ಹೇಳಿ ಗೇಟು ತೆರೆದು ನಡೆದುಬಿಟ್ಟ. ಅವನ ಒಂದು ಲೇಸು ಬಿಚ್ಚಿಕೊಂಡು ನೆಲಕ್ಕೆ ಎಳೆಯುತ್ತಿತ್ತು. ಅವನು ಬಗ್ಗಲಿಲ್ಲ.

ಹೆಂಡತಿ ಕೂತಲ್ಲಿಂದ ಏಳಲಿಲ್ಲ. ಮೇಸ್ತ್ರಿ ಕಾಯುತ್ತಿದ್ದ ನೋಟ ಬರಲೇ ಇಲ್ಲ, ಅವಳು ಟಬ್ಬನ್ನೇ ನೋಡುತ್ತಿದ್ದಳು.

"ಸ್ಪಂಜು ಹಾಕಿದ್ದಕ್ಕೆ ನಾನೇನೂ ಅನ್ನಲ್ಲ," ಎಂದಳು ಕೊನೆಗೆ. "ಮಗು ಮೇಲಿನ ಪ್ರೀತಿಗೆ ಹಾಕಿದ್ರಿ. ಆದ್ರೆ ನನ್ನ ಬಾಯಲ್ಲಿ ನನ್ನ ತಮ್ಮನ್ನ ಬೈಸಿದ್ರಲ್ಲ, ಅದನ್ನ ಎಲ್ಲಿ ಹೋಗಿ ವಾಪಸ್ ತಗೊಳ್ಲಿ ನಾನು? ಮುಳುಗಿದವಳನ್ನ ಎತ್ಕೊಂಡು ಬಂದವನು ಅವನು."

ಚಪ್ಪಲಿ ಮೆಟ್ಟಿಕೊಂಡು ತಮ್ಮನ ಮನೆಯ ಕಡೆ ಹೊರಟಳು. ಮೇಸ್ತ್ರಿ ಒಲೆ ಒರೆಸಿದ, ಟಬ್ಬಿನ ನೀರು ಚೆಲ್ಲಿದ. ಸ್ಪಂಜನ್ನು ಈ ಸಲ ಬಚ್ಚಿಡಲಿಲ್ಲ. ಬಟ್ಟೆ ಒಣಗಿಸುವ ತಂತಿಯ ಮೇಲೆ ಎಲ್ಲರಿಗೂ ಕಾಣುವಂತೆ ಹಾಕಿದ.

ಸೋಮವಾರ ಆ ಕಾಗದ ಮೇಲಿನ ಆಫೀಸಿಗೆ ಹೋಗಲಿಲ್ಲ ಎಂದು ಹೆಂಡತಿಯಿಂದ ತಿಳಿಯಿತು. ಹದಿನೈದು ದಿನದ ಮೇಲೆ ಪಡೆ ಹೊರಟಿತು. ಮೇಸ್ತ್ರಿ ಜೀವನದಲ್ಲಿ ಮೊದಲ ಸಲ ಅಂಗಡಿಯಿಂದ ಜಾಕೆಟ್ಟುಗಳನ್ನು ತಂದ. ಮನೆಯಲ್ಲಿ ಅವುಗಳ ಹೊಲಿಗೆಯನ್ನು ಒಂದೊಂದಾಗಿ ಎಳೆದು ನೋಡಿ, ಅರ್ಧ ದಿನ ಟಬ್ಬಿನಲ್ಲಿ ಮುಳುಗಿಸಿಟ್ಟ. ಗುಡ್ಡ ಹತ್ತುವಾಗ ಟಾರ್ಪಾಲಿನ ಡೇರೆಯನ್ನು ತಾನೇ ಹೊತ್ತ. ಲಾರಿಯ ಮಾತು ಯಾರೂ ಎತ್ತಲಿಲ್ಲ. ವಿಸಿಲ್ಲು ಒಂದು, ಎರಡು ಎಂದು ಊದಿತೇ ಹೊರತು ಊದಿದವನು ಹಿಂದೆ ತಿರುಗಿ ಭಾವನನ್ನು ನೋಡಲಿಲ್ಲ.

ಕೆರೆಯ ದಡದಲ್ಲಿ ಗುಬ್ಬಿ ಮಾಮನ ಮುಂದೆ ಎದೆಯೊಡ್ಡಿ ನಿಂತಳು. ಕಮಾಂಡರ್ ಹಗ್ಗ ಹಿಡಿದ. ಕಟ್ಟಿದ. ಬಿಚ್ಚಲು ಹೋದ ಕೈಯನ್ನು ಅಕ್ಕ ಹಿಡಿದುಕೊಂಡಳು.

"ಸಾಕು ಕಣೋ. ಸರಿಯಾಗಿದೆ."

ಮೇಸ್ತ್ರಿ ಜಾಕೆಟ್ಟು ಹಾಕಿಕೊಂಡು ದೋಣಿಯ ಕಡೆ ಹೆಜ್ಜೆ ಇಟ್ಟ. ಕಮಾಂಡರ್ ಹುಟ್ಟು ಎತ್ತಿಕೊಳ್ಳುತ್ತ, ನೀರಿನ ಕಡೆ ಮುಖ ಮಾಡಿಯೇ ಹೇಳಿದ: "ಈ ಸಲ ನೀವು ದಡದಲ್ಲೇ ಇರಿ ಭಾವ. ಬೂಟುಗಳನ್ನ ನೋಡ್ಕೊಳ್ಳೋಕೂ ಒಬ್ರು ಬೇಕಲ್ಲ."

"ಅಪ್ಪ ಯಾಕೆ ಬರಲ್ಲ?" ಎಂದಳು ಗುಬ್ಬಿ.

"ಮುಂದಿನ ಸಲ," ಎಂದ ಮೇಸ್ತ್ರಿ, ಬಾಮೈದ ಇಲ್ಲವೆನ್ನುತ್ತಾನೇನೋ ಎಂದು ಅಳುಕುತ್ತ. ಅವನು ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ಹುಟ್ಟು ಹಾಕಿದ.

ಮೇಸ್ತ್ರಿ ಮೂರು ಜೊತೆ ಬೂಟುಗಳನ್ನು ಸಾಲಾಗಿ ಇಟ್ಟು ಪಕ್ಕದಲ್ಲಿ ಕೂತ. ಎದೆಗೆ ಕಟ್ಟಿದ ಜಾಕೆಟ್ಟನ್ನು ಬಿಚ್ಚಲಿಲ್ಲ. ಅದು ಗಲ್ಲದ ಕೆಳಗೆ ಚುಚ್ಚುತ್ತಿತ್ತು. ಚುಚ್ಚಲಿ ಎಂದು ಬಿಟ್ಟ. ದೋಣಿ ದೂರ ಹೋಗಿ ಸಣ್ಣದಾಯಿತು. ಅದರಲ್ಲಿದ್ದ ಮೂರು ತಲೆಗಳನ್ನು ಅವನು ಎಣಿಸಿದ. ಕಣ್ಣು ಮಿಟುಕಿಸಿ ಮತ್ತೆ ಎಣಿಸಿದ. ಮೂರೂ ಇದ್ದವು.