ಫಿಲ್ಟರಿಗೆ ಸಿಗದ ಸಿಳ್ಳೆ

ನನ್ನ ಭಾವನದು ಹಲ್ಲು ಕಟ್ಟುವ ಕೆಲಸ. ಹಲ್ಲಿನ ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ಕೂತು, ಕಂಡವರ ಬಾಯಿಗೆಲ್ಲ ಸೆಟ್ಟು ಮಾಡುತ್ತಾ, ಅರೆಯುವ ಯಂತ್ರದ ಕೀಚಲು ಸದ್ದಿನಲ್ಲೇ ತಲೆ ನರೆಸಿಕೊಂಡವರು. ಮನೆಗೆ ಬಂದರೆ ಹ್ಯಾಮ್ ರೇಡಿಯೊ, ಗಾಳಿಯಲ್ಲೇ ದೂರದೂರದವರ ಜೊತೆ ಹರಟುವ ಹುಚ್ಚು. ಮದುವೆಯಾದ ಹೊಸತರಲ್ಲಿ ನಮ್ಮಕ್ಕ, "ನಾನು ಇವರಿಗೆ ಎರಡನೇ ಹೆಂಡ್ತಿ ಕಣೇ, ಮೊದಲನೇವಳು ಆ ಡಬ್ಬ" ಅನ್ನುತ್ತಿದ್ದಳು. ಈಗಲೂ ಅನ್ನುತ್ತಾಳೆ, ಆದರೆ ನಗುವುದನ್ನು ಬಿಟ್ಟಿದ್ದಾಳೆ.

ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ಒಂದು ಗೋಡೆಗೆ ಆ ಡಬ್ಬ, ಎದುರು ಗೋಡೆಗೆ ನನ್ನ ಹೊಲಿಗೆ ಮೆಷಿನ್ನು. ಡಬ್ಬ ಅಂದರೆ ಹಳೆಯ ಕಾಲದ ರಿಸೀವರ್. ಅದರ ಹೊಟ್ಟೆಯಲ್ಲಿ ಉಗುರಿನಷ್ಟು ತೆಳ್ಳಗಿನ ಸ್ಫಟಿಕದ ಬಿಲ್ಲೆಯೊಂದಿದೆ, ಅದಕ್ಕೆ ಕ್ರಿಸ್ಟಲ್ ಫಿಲ್ಟರ್ ಅನ್ನುತ್ತಾರೆ. ಗಾಳಿಯಲ್ಲಿ ನೂರು ಜನ ಒಟ್ಟಿಗೆ ಅರಚುತ್ತಿದ್ದರೂ ಅದು ಬೇಕಾದ ಒಬ್ಬನನ್ನು ಮಾತ್ರ ಒಳಗೆ ಬಿಡುತ್ತದೆ. ಅದಕ್ಕೆ ಎರಡು ಗುಂಡಿ. ದೊಡ್ಡದನ್ನು ತಿರುಗಿಸಿದರೆ ಬಾಗಿಲು ಕಿರಿದಾಗುತ್ತಾ ಹೋಗುತ್ತದೆ. ತೀರಾ ಕಿರಿದಾದರೆ ಮನುಷ್ಯರ ಮಾತು ಕಂಬಳಿಯೊಳಗಿಂದ ಬಂದ ಹಾಗಾಗಿ, ಗಿಡ್ಡ ಉದ್ದ ಸದ್ದಿನಲ್ಲೇ ಅಕ್ಷರ ಹೇಳುವ ಮೋರ್ಸ್‌ನ ಪೀಪ್ ಪೀಪ್ ಒಂದೇ ಸ್ಪಷ್ಟವಾಗಿ ಉಳಿಯುತ್ತದೆ. ಚಿಕ್ಕ ಗುಂಡಿ ಇರುವುದು ಸಿಳ್ಳೆ ಕೊಲ್ಲುವುದಕ್ಕೆ. ಪಕ್ಕದ ಸ್ಟೇಷನ್ನಿನ ಸಿಳ್ಳೆ ಅಡ್ಡ ಬಂದರೆ ಅದನ್ನು ಕೂದಲೆಳೆಯಷ್ಟು ಸರಿಸಬೇಕು, ಯಾವುದೋ ಒಂದು ಜಾಗದಲ್ಲಿ ಸಿಳ್ಳೆ ತಟ್ಟನೆ ಅಡಗುತ್ತದೆ. ಆ ಜಾಗ ಹುಡುಕುವುದರಲ್ಲಿ ಭಾವ ಎತ್ತಿದ ಕೈ. ಬೇರೆ ಹ್ಯಾಮ್‌ಗಳು ತಮ್ಮ ರಿಸೀವರನ್ನು ಮಗುವಿನಂತೆ ಅವುಚಿಕೊಂಡು ಬಂದು ಇವರಿಂದ ಫಿಲ್ಟರ್ ಸರಿಮಾಡಿಸಿಕೊಂಡು ಹೋಗುತ್ತಿದ್ದರು. ಬಂದವರಿಗೆಲ್ಲ ಟೀ ಮಾಡುವ ಕರ್ಮ ನನ್ನದು.

ಇಷ್ಟೆಲ್ಲ ಸರಂಜಾಮು ಮುಖ್ಯವಾಗಿ ಒಬ್ಬರಿಗಾಗಿ. ಅವರು ಎಲ್ಲೋ ದೂರದ ದೇಶದ ಮುದುಕ, ಬಸ್ ಓಡಿಸುತ್ತಿದ್ದವರು. ಮೋರ್ಸ್ ಕಳಿಸಲು ಕೀಲಿ ಒತ್ತುವಾಗ ಅವರ ಬೆರಳು ಉದ್ದ ಪೀಪ್‌ನಲ್ಲಿ ಒಂದಿಷ್ಟು ಎಡವುತ್ತದೆ, ಅದಕ್ಕೇ ನಮ್ಮ ಮನೆಯಲ್ಲಿ ಅವರಿಗೆ ಕುಂಟಣ್ಣ ಅಂತ ಹೆಸರು. ಗಂಟಲಿನ ಆಪರೇಷನ್ ಆಗಿ ಅವರ ದನಿ ಪೂರ್ತಿ ಹೋಗಿದೆ. ಹೆಂಡತಿಯೂ ಇಲ್ಲ. ದಿನಾ ಬೆಳಗ್ಗೆ ಭಾವನ ಜೊತೆ ಆಡುವ ಅರ್ಧ ಗಂಟೆಯೇ ಅವರ ಪಾಲಿಗೆ ಮಾತು. "ನೀನು ಸಿಗ್ತೀಯ ಅಂತಲೇ ಎದ್ದು ಮುಖ ತೊಳೀತೀನಿ" ಅಂತ ಒಮ್ಮೆ ಹೇಳಿದ್ದರಂತೆ. ಅದನ್ನು ನಮಗೆ ಹೇಳುವಾಗ ಭಾವ ಸುಮ್ಮನೆ ಕನ್ನಡಕ ಒರೆಸಿಕೊಂಡರು.

ಹೋದ ವರ್ಷ ಒಂದು ಸಿಳ್ಳೆ ಶುರುವಾಯಿತು. ಸಣ್ಣಗೆ, ಬಿಡದೆ, ಕುಂಟಣ್ಣನ ಪೀಪ್‌ನ ಮೇಲೇ ಕೂತಿದೆ ಅಂತ ಭಾವ ಗೊಣಗತೊಡಗಿದರು. ಚಿಕ್ಕ ಗುಂಡಿ ತಿರುಗಿಸಿದರು, ಹೋಗಲಿಲ್ಲ. ಡಬ್ಬ ಬಿಚ್ಚಿ ಬಿಲ್ಲೆ ಬದಲಾಯಿಸಿದರು, ಆಗಲೂ ಹೋಗಲಿಲ್ಲ. ಕೊನೆಗೆ ನನ್ನ ಮೆಷಿನ್ನಿನ ಮೇಲೆ ಗೂಬೆ ಕೂರಿಸಿದರು.

"ನಿನ್ನ ಮೋಟಾರಿಂದಲೇ ಬರ್ತಿರೋದು. ಸ್ವಲ್ಪ ನಿಲ್ಲಿಸ್ತೀಯಾ?"

"ನಿಲ್ಲಿಸಿದ್ರೆ ಮದುಮಗಳು ಅರ್ಧ ತೋಳಲ್ಲೇ ನಿಲ್ಲಬೇಕಾಗುತ್ತೆ. ನೀವು ಬಂದು ಹೊಲಿದುಕೊಡ್ತೀರಾ?" ಅಂದೆ. ನನಗೂ ಮೈಯೆಲ್ಲ ಉರಿಯುತ್ತಿತ್ತು. ಎರಡು ದಿನ ನಾವಿಬ್ಬರೂ ಮುಖ ಕೊಟ್ಟು ಮಾತಾಡಲಿಲ್ಲ.

ಆಮೇಲೆ ಒಂದು ಬೆಳಗ್ಗೆ ಕರೆಂಟು ಹೋಯಿತು. ನನ್ನ ಮೆಷಿನ್ನು ನಿಂತಿತು, ಡಬ್ಬದ ದೀಪವೂ ಆರಿತು. ಭಾವ ಮಾತ್ರ ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ, ಚಿಕ್ಕ ಗುಂಡಿಯನ್ನು ಹಿಂದೆ ಮುಂದೆ ಆಡಿಸುತ್ತಲೇ ಇದ್ದರು.

"ನೋಡು, ಈಗಲೂ ಇದೆ. ಮೆಷಿನ್ ನಿಲ್ಲಿಸು ಅಂದ್ರೆ ಕೇಳಲ್ಲ ನೀನು."

ನಾನು ಹತ್ತಿರ ಹೋಗಿ ಅವರ ಭುಜ ಮುಟ್ಟಿದೆ. "ಭಾವ, ಕರೆಂಟಿಲ್ಲ" ಅಂತ ಗಟ್ಟಿಯಾಗಿ ಹೇಳಿದೆ.

ಅವರು ಕಣ್ಣು ತೆರೆದು ದೀಪವಿಲ್ಲದ ಡಯಲನ್ನು ನೋಡಿದರು. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. ತಲೆ ಒಂದು ಕಡೆ ವಾಲಿಸಿ ಬಹಳ ಹೊತ್ತು ಕೇಳಿಸಿಕೊಂಡರು. "ಇದೆ" ಅಂದರು. ಆಗ ನನ್ನ ಕೋಪವೆಲ್ಲ ಎಲ್ಲಿ ಇಳಿದುಹೋಯಿತೋ ಗೊತ್ತಿಲ್ಲ.

ಕಿವಿ ಡಾಕ್ಟರು ಒಳ್ಳೆಯವರೇ. ಹಲ್ಲು ಅರೆದೂ ಅರೆದೂ ಕಿವಿಯೊಳಗಿನ ನರ ಸವೆದಿದೆ, ಸಿಳ್ಳೆ ಅಲ್ಲಿಂದಲೇ ಬರುತ್ತಿದೆ, ಹೋದದ್ದು ವಾಪಸು ಬರುವುದಿಲ್ಲ, ಕೇಳುವುದು ಇನ್ನೂ ಕಮ್ಮಿಯಾಗಬಹುದು ಅಂತ ಬಿಡಿಸಿ ಹೇಳಿದರು. ಕಿವಿಗೆ ಯಂತ್ರ ಕೊಟ್ಟರು. ಅದರಿಂದ ಹತ್ತಿರ ಕೂತು ಗಟ್ಟಿಯಾಗಿ ಆಡಿದ ಮಾತು ಕೇಳುತ್ತಿತ್ತು. ಅಷ್ಟು ದೂರದಿಂದ ಬರುವ ಬಡಕಲು ಪೀಪ್ ಎಷ್ಟು ಜೋರು ಮಾಡಿದರೂ ಆ ಸಿಳ್ಳೆಯಲ್ಲಿ ಮುಳುಗಿ ಕೇಳುತ್ತಿರಲಿಲ್ಲ. ಕಂಪ್ಯೂಟರಿಗೆ ಕೊಟ್ಟು ಓದಿಸೋಣವೆಂದರೆ ಅದು ಕುಂಟಣ್ಣನ ಬೆರಳಿಗೆ ಸೋತು ಬರೀ ಕಸ ಬರೆಯಿತು.

"ಇರೋ ವಿಷಯ ಅವರಿಗೆ ಹೇಳ್ಬಿಡಿ. ಮೊಬೈಲಲ್ಲಿ ಬರೆದುಕೊಂಡು ಮಾತಾಡಬಹುದಲ್ಲ" ಅಂದಳು ಅಕ್ಕ.

"ಅವನಿಗೆ ದನಿ ಇಲ್ಲ, ನನಗೆ ಕಿವಿ ಇಲ್ಲ ಅಂತ ಹೇಳಲಾ?" ಅಂದರು ಭಾವ. "ಆಮೇಲೆ ಅವನು ಕೀಲಿ ಮುಟ್ಟಲ್ಲ ಕಣೇ. ನನಗೆ ಹಿಂಸೆ ಆಗುತ್ತೆ ಅಂತ ಬಿಟ್ಟೇಬಿಡ್ತಾನೆ. ನನಗೆ ಗೊತ್ತು ಅವನ ಬುದ್ಧಿ."

ಹಾಗಾಗಿ ಪಕ್ಕದಲ್ಲಿ ಕೂರುವ ಕೆಲಸ ನನ್ನ ತಲೆಗೆ ಬಂತು. ಸ್ಪೀಕರ್ ಹಾಕಿ ನಾನು ಕೇಳುವುದು, ಪೀಪ್ ನಿಂತ ಕೂಡಲೇ ಭಾವನ ತೋಳು ತಟ್ಟುವುದು, ಅವರು ತಮ್ಮ ಸರದಿ ಒತ್ತುವುದು. ಒತ್ತುವುದಕ್ಕೆ ಕಿವಿ ಬೇಡವಲ್ಲ, ಬೆರಳಿಗೆ ಎಲ್ಲ ಬರುತ್ತದೆ. ಬಿಸಿಲು, ಮೊಣಕಾಲು ನೋವು, ಹಲ್ಲಿನ ಆಸ್ಪತ್ರೆಯ ಸುದ್ದಿ, ಏನೋ ಒಂದು ಹೇಳುತ್ತಿದ್ದರು. ಅಲ್ಲಿಂದ ಬಂದದ್ದು ನನಗೆ ಕೇಳುತ್ತಿತ್ತು, ಅರ್ಥವಾಗುತ್ತಿರಲಿಲ್ಲ. ಇವರಿಗೆ ಅರ್ಥವಾಗುತ್ತಿತ್ತು, ಕೇಳುತ್ತಿರಲಿಲ್ಲ. ಮೋರ್ಸ್ ಕಲಿಯಲು ನಾನೂ ತಿಣುಕಿದೆ. ಅಲ್ಲಿಂದ ಮಳೆ ಸುರಿದ ಹಾಗೆ ಬಂದರೆ ನನ್ನ ಅರೆಬರೆ ಕಲಿಕೆ ಯಾವ ಮೂಲೆಗೆ?

ಮೊನ್ನೆ ಬೆಳಗ್ಗೆ ಕುಂಟಣ್ಣ ಎಂದಿನಂತೆ ಮಾತಾಡಿ ನಿಲ್ಲಿಸಿದರು. ನಾನು ತೋಳು ತಟ್ಟಿದೆ. ಅವರು ಏನು ಕೇಳಿದ್ದರೋ ಏನೋ, ಭಾವ ತಮ್ಮ ಬಿಸಿಲಿನ ಸುದ್ದಿಯನ್ನೇ ಒತ್ತಿದರು. ಆಮೇಲೆ ಪೀಪ್ ಬಂತು, ತುಂಬಾ ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಬಿಡಿಯಾಗಿ. ಅಷ್ಟು ನಿಧಾನವಾದರೆ ನನ್ನಂಥವಳೂ ಚುಕ್ಕಿ, ಗೆರೆ ಗುರುತು ಹಾಕಿಕೊಳ್ಳಬಹುದು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಮೇಜಿನ ಮೇಲೇ ಬರೆದೆ. ಭಾವ ಬಗ್ಗಿ ಓದಿದರು.

"ಏನಂತೆ ಭಾವ?"

"ಯಾವಾಗಿಂದ ಕೇಳಿಸ್ತಿಲ್ಲ ಅಂತ ಕೇಳ್ತಿದ್ದಾನೆ."

"ಏನು ಹೇಳ್ತೀರಿ?" ಅಂದೆ.

ಅವರು ಕೀಲಿಯ ಮೇಲೆ ಕೈಯಿಟ್ಟು ಮೂರು ಅಂಕಿ ಒತ್ತಿದರು, ಐದು, ಒಂಬತ್ತು, ಒಂಬತ್ತು. ಹ್ಯಾಮ್‌ಗಳು ಒಬ್ಬರಿಗೊಬ್ಬರು ಕೊಡುವ ಅಂಕ ಅದು. ನಿನ್ನ ಸದ್ದು ನನಗೆ ಸ್ವಚ್ಛವಾಗಿ, ಜೋರಾಗಿ ಕೇಳುತ್ತಿದೆ ಅಂತ ಅರ್ಥ. ಅದಕ್ಕಿಂತ ಹೆಚ್ಚಿನ ಅಂಕ ಇಲ್ಲ.

ಸ್ಪೀಕರ್ ಬಹಳ ಹೊತ್ತು ಬರೀ ಗಾಳಿಯ ಸದ್ದು ಮಾಡಿತು. ಆಮೇಲೆ ಕುಂಟಣ್ಣ ಶುರುಮಾಡಿದರು, ಎಂದಿನ ವೇಗದಲ್ಲಿ, ಬೆರಳು ಎಡವುತ್ತಾ. ಭಾವ ಸ್ಪೀಕರಿಗೆ ಕಿವಿ ಆನಿಸಿಕೊಂಡು ನನ್ನ ಮುಖ ನೋಡಿದರು.

"ಮಾತಾಡ್ತಿದ್ದಾನಾ?"

"ಮಾತಾಡ್ತಿದ್ದಾರೆ ಭಾವ."

"ಸರಿ, ಮಾತಾಡಲಿ" ಅಂದರು.