ನೀರುಗಂಟಿ ಚಿಕ್ಕಮಾದಯ್ಯ ವೈಫೈ ಬಿಟ್ಟದ್ದು

ಬೀಚನಹಳ್ಳಿಯ ಚಿಕ್ಕಮಾದಯ್ಯ ಮೂವತ್ತೊಂದು ವರ್ಷ ನೀರುಗಂಟಿಯಾಗಿದ್ದವನು. ನಾಲೆಯ ನೀರನ್ನು ಸರದಿ ಪ್ರಕಾರ ಗದ್ದೆ ಗದ್ದೆಗೂ ಬಿಡುವುದು ಅವನ ಕೆಲಸ. ಸರದಿ ತಪ್ಪಿಸಿದ ಎಂದು ಒಬ್ಬನೂ ಅವನತ್ತ ಬೆರಳು ತೋರಿಸಿದ್ದಿಲ್ಲ. ಈ ಮಾತನ್ನು ದಿನಕ್ಕೊಂದು ಸಲವಾದರೂ ಹೇಳದಿದ್ದರೆ ಅವನಿಗೆ ಉಂಡ ಮುದ್ದೆ ಅರಗುತ್ತಿರಲಿಲ್ಲ ಅನ್ನಿ.

ಆ ಸೋಮವಾರ ಹತ್ತೂಕಾಲಿಗೆ ಸೊಸೆ ಭಾಗ್ಯ ಲ್ಯಾಪ್‌ಟಾಪಿನ ಮುಂದೆ ಕೂತಿದ್ದಳು, ಅಳುವುದೊಂದು ಬಾಕಿ. ಹನ್ನೊಂದಕ್ಕೆ ಆನ್‌ಲೈನ್ ಪರೀಕ್ಷೆ. ಪಾಸಾದರೆ ಕೋಟೆ ಪಟ್ಟಣದ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಕೆಲಸ. ಮದುವೆ, ಮಗು ಅಂತ ನಾಲ್ಕು ವರ್ಷ ಕಳೆದ ಮೇಲೆ ಸಿಕ್ಕ ಮೊದಲ ಅವಕಾಶ ಅದು.

ಲ್ಯಾಪ್‌ಟಾಪ್ ಒಂದೇ, ಅದರಲ್ಲಿ ಖಾತೆ ಎರಡು. ಗಂಡ ಸಿದ್ದಾರ್ಥನ ಖಾತೆ ತೆರೆದರೆ ವೈಫೈ ಬರುತ್ತದೆ, ಭಾಗ್ಯಳದರಲ್ಲಿ ಬರುವುದಿಲ್ಲ. ಇಷ್ಟು ದಿನ ಮೊಬೈಲ್ ನೆಟ್‌ನಲ್ಲೇ ಸುಧಾರಿಸಿದ್ದಳು, ಇವತ್ತು ಮೊಬೈಲಿಗೆ ಸಿಗ್ನಲ್ಲಿನ ಒಂದು ಕಡ್ಡಿಯೂ ಇಲ್ಲ. ಪರೀಕ್ಷೆಯ ಆ್ಯಪ್ ಅವಳ ಖಾತೆಯಲ್ಲೇ ನೋಂದಣಿಯಾಗಿದೆ, ಗಂಡನದರಲ್ಲಿ ತೆರೆಯದು. ವೈಫೈ ಪಾಸ್‌ವರ್ಡ್ ಕೇಬಲ್‌ನವನು ಹಾಕಿ ಹೋದದ್ದು, ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಗಂಡ ರೆಸಾರ್ಟಿನಲ್ಲಿ ಡ್ಯೂಟಿ.

“ನಿಮ್ ಮಗನೇ ಬಂದ್ ಮಾಡವ್ರೆ ಮಾವ. ನಾನು ಕೆಲ್ಸಕ್ಕೋಗೋದು ಅವ್ರಿಗೆ ಇಷ್ಟ ಇಲ್ಲ.”

ಚಿಕ್ಕಮಾದಯ್ಯನಿಗೆ ರೇಗಿತು. ಈ ಮಾತನ್ನು ನಾಲೆ ಏರಿಯ ಮೇಲೆ ಸಾವಿರ ಸಲ ಕೇಳಿದ್ದ. ನೀರು ಬರಲಿಲ್ಲ ಎಂದರೆ ಸಾಕು, ಮೇಲಿನ ಗದ್ದೆಯವನೇ ಕಳ್ಳ! ಹೋಗಿ ನೋಡಿದರೆ ಏಡಿ ಬಿಲದಲ್ಲಿ ನೀರು ಸೋರಿಹೋಗುತ್ತಿರುತ್ತಿತ್ತು.

“ಸುಮ್ಕಿರು! ನಾಲೆ ನೋಡ್ದೆ ಯಾರ್ನೂ ಬಯ್ಬ್ಯಾಡ. ಮ್ಯಾಲಿಂದ ನೋಡ್ಕಂಡ್ ಬರಾನ ನಡಿ” ಎಂದು ಕುರ್ಚಿ ಎಳೆದು ಕೂತ.

“ದನಕ್ಕೆ ಹುಲ್ಲಾಕೋದ್ ಬುಟ್ಟು ಇಂಜಿನಿಯರ್ ಆಗವ್ರೆ ನೋಡು” ಎಂದಳು ಮೊಮ್ಮಗನನ್ನು ಸೊಂಟಕ್ಕೇರಿಸಿಕೊಂಡಿದ್ದ ಹೆಂಡತಿ ಪುಟ್ಟಸಿದ್ದಮ್ಮ. ಅವನು ತಿರುಗಿಯೂ ನೋಡಲಿಲ್ಲ.

“ಗೋಡೆ ಮ್ಯಾಲಿನ್ ಡಬ್ಬೀಲಿ ದೀಪ ಉರೀತಾ ಐತಾ? ಐತೆ. ಸಿದ್ದಾರ್ಥುಂಗೆ ಬತ್ತದೆ. ಅಂದ್ರೆ ನಾಲೇಲಿ ನೀರೈತೆ, ಮಗ್ಗುಲ್ ಗದ್ದೆಗೂ ಬತ್ತಾ ಐತೆ. ನಿನ್ ಗದ್ದೆ ತೂಬಲ್ಲೇ ಏನೋ ಆಗಿರೋದು. ಒಂದೊಂದೇ ಸಾಲು ಓದು.”

ಭಾಗ್ಯ ತನ್ನ ಖಾತೆಯ ಸೆಟ್ಟಿಂಗ್ಸ್ ಪೂರ್ತಿ ಓದಿದಳು. ಏನೂ ಸಿಗಲಿಲ್ಲ. ಗಂಟೆ ಹತ್ತೂವರೆ ದಾಟಿತು.

“ಬುಡಿ ಮಾವ, ನನ್ನ ಅಣೇಲಿ ಬರ್ದಿಲ್ಲ.”

“ಅಣೆಬರ ನೀರು ಬುಡಾಕಿಲ್ಲ ಕಣವ್ವ, ತೂಬು ಎತ್ತುದ್ರೆ ಬತ್ತದೆ. ಈ ತುದೀಲಿಲ್ಲ ಅಂದ್ರೆ ಆ ತುದೀಲಿ. ಅವನ್ದು ತಗಿ.”

ಸಿದ್ದಾರ್ಥನ ಖಾತೆ ತೆರೆದು, ವೈಫೈ ಹೆಸರಿನ ಕೆಳಗಿದ್ದುದನ್ನೆಲ್ಲ ಮತ್ತೆ ಮೊದಲಿಂದ ಓದಿದಳು. ಕೊನೆಗೊಂದು ಸಣ್ಣ ಚೌಕ ಸಿಕ್ಕಿತು, ಖಾಲಿ.

“ಇದ್ಕೆ ಗುರ್ತು ಹಾಕುದ್ರೆ ಎಲ್ಲಾರ್ಗೂ ಬತ್ತದೆ, ಇಲ್ದಿದ್ರೆ ಒಬ್ರಿಗೇ. ನೋಡುದ್ರಾ? ಬೇಕಂತ್ಲೇ ಮಾಡವ್ರೆ!”

ಮುದುಕನಿಗೆ ವೈಫೈ ಹಾಕಿಸಿದ ದಿನ ನೆನಪಾಯಿತು. ಸಿದ್ದಾರ್ಥ ಗೋಡೆಗೆ ಮೊಳೆ ಹೊಡೆಯುತ್ತಿದ್ದ. ಕೇಬಲ್‌ನ ಮಹೇಂದ್ರ ಲ್ಯಾಪ್‌ಟಾಪ್ ಹಿಡಿದು, “ಅಯ್ಯ, ಎಲ್ರಿಗೂ ಬರಂಗ್ ಮಾಡ್ಲಾ, ಒಬ್ರಿಗಾ?” ಎಂದು ಕೇಳಿದ್ದ. ಜಗಲಿಯಲ್ಲಿ ಎಲೆಅಡಿಕೆ ಹಾಕುತ್ತಿದ್ದ ಚಿಕ್ಕಮಾದಯ್ಯನೇ, “ಇನ್ಯಾರವ್ರಲಾ ನೋಡೋರು? ನಮ್ಮುಡ್ಗನಿಗೊಬ್ನಿಗೆ ಸಾಕು” ಎಂದಿದ್ದ. ಆಗ ಭಾಗ್ಯ ಅವರಿಗೇ ಕಾಫಿ ತರಲು ಒಳಗೆ ಹೋಗಿದ್ದಳು.

“ಅವನ್ನ ಬಯ್ಬ್ಯಾಡ” ಎಂದ. “ಈ ತೂಬು ಮುಚ್ಚಿದ್ದು ನಾನು ಕಣವ್ವ. ಊರಿನ ಕಡೇ ಗದ್ದೆಗೂ ನೀರು ಬುಟ್ಟೋನು, ನನ್ ಮನೇಲಿ ನೀನೊಬ್ಳು ಇದ್ದೀಯ ಅನ್ನೋದೇ ಗ್ಯಾನಕ್ಕೆ ಬರ್ನಿಲ್ಲ.”

ಭಾಗ್ಯ ಅವನ ಮುಖವನ್ನೇ ನೋಡಿದಳು. ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ಚೌಕಕ್ಕೆ ಗುರುತು ಹಾಕಿ ತನ್ನ ಖಾತೆಗೆ ಬಂದಳು. ವೈಫೈ ಬಂತು.

“ಒಂದ್ ಗಂಟೆ ಕಳೀಲಿ, ಆಮೇಲೆ ಬೈತೀನಿ ಮಾವ. ಈಗ ಬಾಗ್ಲು ಎಳ್ಕಳಿ, ಯಾರೂ ಬರ್ದಂಗೆ ನೋಡ್ಕಳಿ.”

ಚಿಕ್ಕಮಾದಯ್ಯ ಬಾಗಿಲೆಳೆದುಕೊಂಡು, ಹಿಂದೆ ತೂಬಿನ ಪಕ್ಕ ಕಾವಲು ಕೂರುತ್ತಿದ್ದಂತೆ ಹೊಸ್ತಿಲಾಚೆ ಕೂತ. ಮಗುವಿನ ಬಟ್ಟೆ ತೆಗೆದುಕೊಳ್ಳಲು ಪುಟ್ಟಸಿದ್ದಮ್ಮ ಬಂದಾಗ ಕಾಲು ಅಡ್ಡ ಚಾಚಿದ.

“ಆಮೇಲೆ ಬಾ. ಈಗ ಭಾಗ್ಯನ ಸರದಿ.”